ಜೀಪಿನ ಪ್ಲೇಟಿನಿಂದ ಅಮ್ಮನಿಗೊಂದು ಪೀಶಕತ್ತಿ

ಅಮ್ಮನಿಗೆ ಅಂತ ಮಾಡಿದ ಪೀಶಕತ್ತಿ, ಅಂದರೆ ಅಡುಗೆಮನೆಯ ಸಣ್ಣ ಕತ್ತಿ, ಆಯಿತು. ಅಲಗು 6 ಇಂಚು, ಹಿಡಿ ನಾಲ್ಕೂವರೆ ಇಂಚು, ಒಟ್ಟು ತೂಕ 165 ಗ್ರಾಂ. 2024ರ ನವೆಂಬರ್ ಮೊದಲ ಭಾನುವಾರ ಶುರು ಮಾಡಿದ್ದು, 2025ರ ಫೆಬ್ರವರಿ ಮೊದಲ ಭಾನುವಾರ ಮುಗಿಯಿತು. ನಡುವೆ ಒಂದು ಅಲಗು ಒಡೆಯಿತು, ಒಲೆಯ ಕಲ್ಲು ಸಿಡಿಯಿತು, ಒಂದು ಹಿಡಿ ಸೀಳಿತು. ಕೆಲಸ ಮಾಡಿದ ದಿನ ರಾತ್ರಿಯೇ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಅದನ್ನೇ ಇಲ್ಲಿ ಇಳಿಸಿದ್ದೇನೆ. ಪುರುಸೊತ್ತು ಇಲ್ಲದವರು ಡಿಸೆಂಬರ್ 15 ಮತ್ತು ಜನವರಿ 12ರ ಭಾಗ ಮಾತ್ರ ಓದಿದರೂ ಸಾಕು. ಸುತ್ತಿಗೆ ಕೈಗೆ ಹೊಂದಿಕೊಳ್ಳಲು ಮೂರು ವಾರ ಸಾಕಾಯಿತು. ಬೆಂಕಿಯ ಬಣ್ಣ ನೋಡಲು ಕಲಿಯುವುದಕ್ಕೆ ಉಳಿದ ದಿನವೆಲ್ಲ ಹೋಯಿತು.

ನಮ್ಮ ಮನೆ ಉಡುಪಿಯಿಂದ ಹಿರಿಯಡ್ಕಕ್ಕೆ ಹೋಗುವ ದಾರಿಯಲ್ಲಿದೆ. ಆಯುಧಪೂಜೆಗೆ ಮನೆಯ ಕತ್ತಿ, ಹಾರೆ, ಮೆಟ್ಟುಕತ್ತಿ (ಈಳಿಗೆಮಣೆ) ಎಲ್ಲ ತೊಳೆದು ಸಾಲಾಗಿ ಇಡುವಾಗ ಅಮ್ಮನ ಪೀಶಕತ್ತಿ ಕೈಗೆ ಬಂತು. ಅಜ್ಜಿಯ ಕಾಲದ್ದು. ಮಸೆದು ಮಸೆದು ಅಲಗಿನ ನಡುಭಾಗ ಕಿರುಬೆರಳಿನಷ್ಟೇ ಉಳಿದಿತ್ತು. ಹಿಡಿಯ ಹತ್ತಿರ ಮಾತ್ರ, ಕಲ್ಲು ತಾಗದ ಜಾಗದಲ್ಲಿ, ಹಳೆಯ ಅಗಲ ಹಾಗೇ ಇತ್ತು. ಅಳೆದರೆ 34 ಮಿ.ಮೀ. ಅಂಗಡಿಯ ಸ್ಟೀಲ್ ಚಾಕು ಎರಡು ಮೂರು ಸಲ ತಂದುಕೊಟ್ಟಿದ್ದೆವು. ಅಮ್ಮ ನಾಲ್ಕು ದಿನ ಉಪಯೋಗಿಸಿ ಮತ್ತೆ ಹಳೆಯದನ್ನೇ ಹಿಡಿಯುತ್ತಿದ್ದರು. ಅದೇ ಅಳತೆಯದ್ದು ಒಂದು ಹೊಸದು ಮಾಡಿಕೊಡಬೇಕು ಅನ್ನಿಸಿತು. ರಟ್ಟಿನ ಮೇಲಿಟ್ಟು ಪೆನ್ಸಿಲಿನಲ್ಲಿ ಗೆರೆ ಎಳೆದು, ಸವೆದ ಜಾಗವನ್ನು ಅಂದಾಜಿನಲ್ಲಿ ತುಂಬಿಸಿ ಅಚ್ಚು ಕತ್ತರಿಸಿಕೊಂಡೆ.

ನವೆಂಬರ್ 3: ಗುಜರಿ

ಮೊದಲು ಹೋಗಿದ್ದು ಮಲ್ಪೆ ಕಡೆಯ ಒಂದು ಗುಜರಿಗೆ. ದೋಣಿಯ ಸ್ಟೀಲ್ ಶಾಫ್ಟ್‌ಗಳು ರಾಶಿ ಬಿದ್ದಿದ್ದವು. ತುಕ್ಕು ಹಿಡಿಯದ ಹೊಳೆಯುವ ಸ್ಟೀಲ್ ನೋಡಿ ಆಸೆ ಆಯಿತು. ಜೇಬಿನಲ್ಲಿದ್ದ ಮ್ಯಾಗ್ನೆಟ್ ಇಟ್ಟು ನೋಡಿದೆ, ಕಚ್ಚಲಿಲ್ಲ. ಮ್ಯಾಗ್ನೆಟ್ ಕಚ್ಚದ ಆ ಜಾತಿಯ ಸ್ಟೀಲ್ ಎಷ್ಟು ಕಾಯಿಸಿ ಅದ್ದಿದರೂ ಹದ ಹಿಡಿಯುವುದಿಲ್ಲ, ಅಂದರೆ ಗಡಸಾಗುವುದಿಲ್ಲ. ಬಿಟ್ಟೆ. ಕಟ್ಟಡದ ಸರಳೂ ಬೇಡ, ಅದರಲ್ಲಿ ಕಾರ್ಬನ್ ಕಡಿಮೆ.

ನಮ್ಮ ಕಡೆ ಒಳ್ಳೆ ಕತ್ತಿ ಅಂದರೆ "ಪ್ಲೇಟಿನದ್ದಾ?" ಅಂತ ಕೇಳುತ್ತಾರೆ. ಲಾರಿ, ಜೀಪುಗಳ ಅಡಿಯಲ್ಲಿರುವ ಕಮಾನು ಪ್ಲೇಟು. ಅದು ಸ್ಪ್ರಿಂಗ್ ಸ್ಟೀಲ್. ಇಲ್ಲಿ ಜಾಸ್ತಿ ಸಿಗುವುದು ಇಎನ್ 45 ಅಥವಾ ಎಸ್‌ಯುಪಿ 9 ಅನ್ನುವ ಜಾತಿಗಳು. ಎರಡರಲ್ಲೂ ಕಾರ್ಬನ್ ಶೇ. 0.5ರಿಂದ 0.6ರವರೆಗೆ. ಅಡುಗೆಮನೆಯ ಕತ್ತಿಗೆ ಅಷ್ಟು ಸಾಕು. ಇನ್ನೊಂದು ಗುಜರಿಯಲ್ಲಿ ಹಳೆ ಜೀಪಿನ ಪ್ಲೇಟು ಸಿಕ್ಕಿತು. 4 ಅಡಿ ಉದ್ದ, 60 ಮಿ.ಮೀ. ಅಗಲ, 7 ಮಿ.ಮೀ. ದಪ್ಪ. ತೂಕ 4.2 ಕಿಲೋ, ಕಿಲೋಗೆ 70ರಂತೆ 294 ರೂಪಾಯಿ.

ಪ್ಲೇಟು ಆರಿಸುವಾಗ ನೋಡಬೇಕಾದ್ದು ಬಿರುಕು. ವರ್ಷಗಟ್ಟಲೆ ಬಗ್ಗಿ ಎದ್ದು ದಣಿದ ಲೋಹ ಅದು. ನಡುವಿನ ಬೋಲ್ಟ್ ತೂತಿನ ಸುತ್ತ ಕೂದಲಿನಂಥ ಬಿರುಕು ಇರುತ್ತದೆ. ತುಕ್ಕು ಉಜ್ಜಿ, ಸೀಮೆಎಣ್ಣೆ ಹಚ್ಚಿ ಒರೆಸಿ, ಮೇಲೆ ಚಾಕ್‌ಪೀಸಿನ ಪುಡಿ ಹಾಕಿದೆ. ಬಿರುಕಿನೊಳಗೆ ಉಳಿದ ಎಣ್ಣೆ ಪುಡಿಯ ಮೇಲೆ ಗೆರೆಯಾಗಿ ಏಳುತ್ತದೆ. ನನ್ನದರಲ್ಲಿ ತೂತಿನ ಪಕ್ಕ ಒಂದು ಗೆರೆ ಎದ್ದಿತು. ಆ ಜಾಗದಿಂದ ಆಚೀಚೆ ಅರ್ಧ ಅಡಿ ಬಿಟ್ಟು, ತುದಿಯ ಕಡೆಯಿಂದ ಕತ್ತರಿಸಲು ಗುರುತು ಹಾಕಿಕೊಂಡೆ.

ನವೆಂಬರ್ 10: ಪರೀಕ್ಷೆ, ಅಡಿಗಲ್ಲು

ಗ್ರೈಂಡರ್ ಮೊದಲೇ ಇತ್ತು. ಮೊದಲು ಕಟ್ಟಡದ ಸರಳಿಗೆ ಹಿಡಿದೆ, ಕಿಡಿ ಉದ್ದಕ್ಕೆ ನೇರ ಹೋಯಿತು. ಪ್ಲೇಟಿಗೆ ಹಿಡಿದಾಗ ಕಿಡಿಯ ತುದಿಯಲ್ಲಿ ಸಣ್ಣ ಸಣ್ಣ ಹೂ ಬಿಚ್ಚಿದವು. ಕಾರ್ಬನ್ ಇದೆ ಅನ್ನುವುದಕ್ಕೆ ಇದು ಸುಮಾರಾದ ಗುರುತು ಅಷ್ಟೇ. ನಂಬಬೇಕಾದ ಪರೀಕ್ಷೆ ಬೇರೆ: ಒಂದು ಸಣ್ಣ ತುಂಡು ಕತ್ತರಿಸಿ, ಕೆಂಪಗೆ ಕಾಯಿಸಿ, ಅದ್ದಿ, ಅರ (ಕಬ್ಬಿಣ ಉಜ್ಜುವ ಉಪಕರಣ) ಹಾಕಿ ನೋಡುವುದು. ಗ್ಯಾಸ್ ಟಾರ್ಚಿನಲ್ಲಿ ಬೆರಳುದ್ದದ ತುಂಡು ಕಾಯಿಸಿ ಎಣ್ಣೆಗೆ ಅದ್ದಿದೆ. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು, ಅಂದರೆ ತುಂಡು ಗಡಸಾಗಿದೆ. ಸುತ್ತಿಗೆಯಲ್ಲಿ ಒಂದು ಏಟು ಕೊಟ್ಟರೆ ಟಕ್ ಅಂತ ಮುರಿಯಿತು. ಮುರಿದ ಮುಖ ಬೂದು ಬಣ್ಣದ ನಯವಾದ ಬಟ್ಟೆಯ ಹಾಗೆ ಕಂಡಿತು. ಆ ತುಂಡನ್ನು ಎಸೆಯದೆ ಇಟ್ಟುಕೊಂಡೆ. ಮುಂದೆ ಅದೇ ನನಗೆ ಪಾಠ ಆಯಿತು.

ಅಡಿಗಲ್ಲಿಗೆ, ಅಂದರೆ ಕಾದ ಕಬ್ಬಿಣ ಇಟ್ಟು ಬಡಿಯುವ ದಿಮ್ಮಿಗೆ, ಎಲ್ಲರೂ ರೈಲು ಹಳಿಯ ತುಂಡು ಹುಡುಕು ಅಂದರು. ರೈಲ್ವೆ ಸೊತ್ತು ಸರಿಯಾದ ದಾಖಲೆ ಇಲ್ಲದೆ ಇಟ್ಟುಕೊಳ್ಳುವುದು 1966ರ ಕಾಯ್ದೆ ಪ್ರಕಾರ ಅಪರಾಧ. ಅದರ ಸಹವಾಸ ಬೇಡ. ಗ್ಯಾರೇಜಿನ ಗೆಳೆಯ ಲಾರಿ ಆಕ್ಸಲಿನ ಒಂದು ತುಂಡು ಸುಮ್ನೆ ಕೊಟ್ಟ. ಒಂದೂವರೆ ಅಡಿ ಉದ್ದ, ಎರಡೂವರೆ ಇಂಚು ದಪ್ಪ, 11 ಕಿಲೋ. ಹಲಸಿನ ಕೊರಡಿಗೆ ಒಂದು ಅಡಿ ಆಳ ಕೊರೆದು ಅದನ್ನು ನೆಟ್ಟಗೆ ನಿಲ್ಲಿಸಿದೆ. ಮೇಲೆ ಕಾಣುವ ಮುಖ ಚಿಕ್ಕದು. ಆದರೆ ಏಟಿನ ಕೆಳಗೆ ನೇರ ಒಂದೂವರೆ ಅಡಿ ಕಬ್ಬಿಣ ಇರುವುದರಿಂದ ಸುತ್ತಿಗೆ ಚೆನ್ನಾಗಿ ಪುಟಿಯುತ್ತದೆ. ಎತ್ತರ ನಿಂತಾಗ ಮುಷ್ಟಿ ತಾಗುವಷ್ಟು. ನಾನು ಮೊದಲು ಎರಡು ಇಂಚು ಜಾಸ್ತಿ ಇಟ್ಟಿದ್ದೆ. ಒಂದೇ ದಿನದಲ್ಲಿ ಭುಜ ನೋಯಿತು. ಕೊರಡಿನ ಅಡಿ ಕೊಯ್ದು ತಗ್ಗಿಸಿದೆ.

ನವೆಂಬರ್ 17: ಒಲೆ

ಮನೆ ಹಿಂದೆ ಬಿದ್ದಿದ್ದ ಆರು ಕೆಂಪುಕಲ್ಲು ಜೋಡಿಸಿ ತೊಟ್ಟಿಯ ಹಾಗೆ ಕಟ್ಟಿದೆ. ಒಳಗೆ 14 ಇಂಚು ಉದ್ದ, 6 ಇಂಚು ಅಗಲ, 4 ಇಂಚು ಆಳ. ಅಡಿಯಲ್ಲಿ ಒಂದೂವರೆ ಇಂಚಿನ ಕಬ್ಬಿಣದ ಪೈಪು, ಅದಕ್ಕೆ 8 ಮಿ.ಮೀ.ನ ಹತ್ತು ತೂತು. ಪೈಪು ಕೊಳ್ಳುವಾಗ ಗ್ಯಾಲ್ವನೈಸ್ ಮಾಡಿದ ನೀರಿನ ಪೈಪು ತರಬೇಡಿ. ಅದರ ಸತು ಸುಟ್ಟು ಬರುವ ಬಿಳಿ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಸಾದಾ ಕರಿ ಪೈಪು 260 ರೂಪಾಯಿಗೆ ಸಿಕ್ಕಿತು. ಗಾಳಿಗೆ ಕೈಯಲ್ಲಿ ತಿರುಗಿಸುವ ಹಳೆ ಬ್ಲೋವರ್, 1,500 ರೂಪಾಯಿ. ಒಟ್ಟು ಖರ್ಚಿನಲ್ಲಿ ದೊಡ್ಡದು ಇದೇ.

ಒಳಮೈಗೆ ಮಣ್ಣು ಬಳಿಯಬೇಕು. ಬರೀ ಮಣ್ಣು ಒಣಗುವಾಗ ಬಿರಿಯುತ್ತದೆ. ಹಾಗಾಗಿ ಹಳೆ ಮಂಗಳೂರು ಹಂಚಿನ ಚೂರುಗಳನ್ನು ಕುಟ್ಟಿ ಪುಡಿ ಮಾಡಿ, ಎರಡು ಪಾಲು ಆವೆಮಣ್ಣಿಗೆ ಒಂದು ಪಾಲು ಸೇರಿಸಿದೆ. ಒಂದು ಸಲ ಬೆಂದ ಮಣ್ಣು ಮತ್ತೆ ಕುಗ್ಗುವುದಿಲ್ಲ, ಅದೇ ಇದರ ಗುಟ್ಟು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕಡೆ ಒಡೆದ ಹಂಚಿಗೆ ಬರ ಬಂದದ್ದೇ ಇಲ್ಲ. ನಮ್ಮ ಹಟ್ಟಿಯ ಹಿಂದೆಯೇ ಒಂದು ಗಾಡಿಯಷ್ಟು ಬಿದ್ದಿತ್ತು. ಒಂದೂವರೆ ಇಂಚು ದಪ್ಪ ಬಳಿದು ಒಂದು ವಾರ ನೆರಳಲ್ಲಿ ಒಣಗಿಸಿದೆ.

ಬೆಂಕಿಗೆ ಗೆರಟೆ ಮಸಿ, ಅಂದರೆ ತೆಂಗಿನ ಚಿಪ್ಪಿನ ಇದ್ದಿಲು. ಮನೆಯ ಗೆರಟೆಯನ್ನು ಡ್ರಮ್ಮಿನಲ್ಲಿ ಸುಟ್ಟು, ಮುಚ್ಚಳ ಹಾಕಿ ಮಾಡಿಕೊಂಡದ್ದು ಎರಡು ಭಾನುವಾರಕ್ಕೆ ಮುಗಿಯಿತು. ಆಮೇಲೆ 20 ಕಿಲೋದ ಒಂದು ಚೀಲ 800 ರೂಪಾಯಿಗೆ ತಂದೆ. ತುಂಡು ಅಡಿಕೆಯಷ್ಟು ದೊಡ್ಡದಿರಬೇಕು. ಅಂಗೈಯಷ್ಟು ದೊಡ್ಡದಾದರೆ ನಡುವೆ ಗಾಳಿ ನುಗ್ಗಿ ಕಬ್ಬಿಣದ ಮೇಲೆ ಹೊಪ್ಪಳೆ (ಸುಟ್ಟ ಪದರ) ಏಳುತ್ತದೆ.

ನವೆಂಬರ್ 24 ಮತ್ತು ಡಿಸೆಂಬರ್ 1: ಮೊದಲ ಅಲಗು

200 ಮಿ.ಮೀ. ಉದ್ದ, 30 ಮಿ.ಮೀ. ಅಗಲದ ತುಂಡು ಕತ್ತರಿಸಿದೆ. ಇದು ತುಂಬಾ ಜಾಸ್ತಿ. ಬೇಕಾದ್ದು ಅದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ದೊಡ್ಡ ತುಂಡು ತೆಗೆದುಕೊಂಡರೆ ಸುರಕ್ಷಿತ ಅಂತ ಅಂದುಕೊಂಡಿದ್ದೆ. ಜಾಸ್ತಿ ಲೋಹ ಅಂದರೆ ಜಾಸ್ತಿ ಏಟು, ಜಾಸ್ತಿ ಕಾಯಿಸುವುದು, ಕೊನೆಗೆ ಗ್ರೈಂಡರಿನಲ್ಲಿ ಜಾಸ್ತಿ ತೆಗೆಯುವುದು.

ಮೊದಲ ದಿನವೇ ಮೂಗು ಸುಟ್ಟಿತು, ಅಂದರೆ ಕತ್ತಿಯದ್ದು. ಬ್ಲೋವರ್ ತಿರುಗಿಸುತ್ತಾ ಗಮನ ಬೇರೆಡೆ ಹೋಯಿತು. ಹೊರಗೆ ತೆಗೆದಾಗ ತುದಿ ನಕ್ಷತ್ರಕಡ್ಡಿಯ ಹಾಗೆ ಚಿಟಿಚಿಟಿ ಕಿಡಿ ಕಾರುತ್ತಿತ್ತು. ನೋಡಲು ಚೆಂದ. ಆದರೆ ಅದು ಸ್ಟೀಲ್ ಉರಿಯುವುದು. ಹಾಗೆ ಉರಿದ ಜಾಗ ಮತ್ತೆ ಸರಿಯಾಗುವುದಿಲ್ಲ. ಸುತ್ತಿಗೆ ಇಟ್ಟ ಕೂಡಲೇ ಒಣ ಬೆಲ್ಲದ ಹಾಗೆ ಪುಡಿಯಾಯಿತು. ಎರಡು ಇಂಚು ಕತ್ತರಿಸಿ ಎಸೆದೆ. ಅವತ್ತಿನಿಂದ ನಿಯಮ: ಮಾತನಾಡಲು ತಿರುಗಬೇಕಾದರೆ ಮೊದಲು ಕಬ್ಬಿಣ ಬೆಂಕಿಯಿಂದ ಹೊರಗೆ.

ಸುತ್ತಿಗೆ ಒಂದು ಕಿಲೋದ್ದು, 350 ರೂಪಾಯಿ. ಇಕ್ಕಳ ಎರಡು, ನಮ್ಮ ಊರಿನ ಆಚಾರರ (ಕಮ್ಮಾರರ) ಹತ್ತಿರ ಮಾಡಿಸಿದ್ದು, ಒಂದಕ್ಕೆ 350. ಪ್ಲೈಯರಿನಲ್ಲಿ ಹಿಡಿದು ಬಡಿಯಲು ಹೋಗಬೇಡಿ. ಕೆಂಪು ಕಬ್ಬಿಣ ಎರಡು ಸಲ ಕೈಯಿಂದ ಹಾರಿತು, ಒಂದು ಸಲ ಕಾಲಿನ ಪಕ್ಕವೇ ಬಿತ್ತು. ಅದೇ ಸಂಜೆ ಇಕ್ಕಳಕ್ಕೆ ಹೇಳಿ ಬಂದೆ.

ಬಾಯಿಯ (ಕೊಯ್ಯುವ ಅಂಚಿನ) ಕಡೆ ಬಡಿದು ತೆಳು ಮಾಡುತ್ತಾ ಹೋದ ಹಾಗೆ ಅಲಗು ಬೆನ್ನಿನ ಕಡೆಗೆ ಬಾಳೆಹಣ್ಣಿನಂತೆ ಬಾಗಿತು. ತೆಳುವಾದ ಕಡೆ ಲೋಹ ಉದ್ದಕ್ಕೆ ಹರಿಯುತ್ತದೆ, ದಪ್ಪ ಇರುವ ಬೆನ್ನು ಹರಿಯುವುದಿಲ್ಲ. ಹತ್ತು ಏಟಿಗೊಮ್ಮೆ ಬೆನ್ನು ಮೇಲೆ ಮಾಡಿ, ಕೊರಡಿನ ಮೇಲಿಟ್ಟು ಮರದ ಕೊಡತಿಯಲ್ಲಿ ತಟ್ಟಿ ನೇರ ಮಾಡಬೇಕಾಯಿತು. ಎರಡು ಭಾನುವಾರದ ಕೊನೆಗೆ ಕತ್ತಿ ಅಂತ ಹೇಳಬಹುದಾದ ಒಂದು ಆಕಾರ ಬಂತು. ತುಂಬಾ ಖುಷಿ ಆಯಿತು.

ಡಿಸೆಂಬರ್ 8: ಕಲ್ಲು ಸಿಡಿದದ್ದು

ಡಿಸೆಂಬರ್ ಮೊದಲ ವಾರ ಫೆಂಗಲ್ ಚಂಡಮಾರುತದ ಮಳೆ ನಮ್ಮ ಕಡೆಗೂ ಜೋರಾಗಿ ಬಂತು. ಒಲೆಯ ಮೇಲೆ ಹೊದಿಸಿದ್ದ ಟಾರ್ಪಾಲು ಗಾಳಿಗೆ ಸರಿದಿತ್ತು. ಭಾನುವಾರ ನೋಡುವಾಗ ಮೇಲೆ ಒಣಗಿದ ಹಾಗೆ ಕಂಡಿತು. ಬೆಂಕಿ ಹಾಕಿದೆ. ಅರ್ಧ ಗಂಟೆ ಆಗಿರಬಹುದು, ಪಟ್ ಅಂತ ದೊಡ್ಡ ಶಬ್ದ. ಕೆಂಪುಕಲ್ಲಿನ ಒಂದು ಚೂರು ಬೆಂಕಿಯ ಬದಿಯಿಂದ ಹಾರಿ ಕನ್ನಡಕಕ್ಕೆ ಬಡಿಯಿತು. ಕನ್ನಡಕದಲ್ಲಿ ಗೀರು ಬಿತ್ತು. ಅದು ಇಲ್ಲದಿದ್ದರೆ ಕಣ್ಣಿಗೇ.

ಕೆಂಪುಕಲ್ಲು ತೂತುತೂತಿನ ಕಲ್ಲು, ನೀರನ್ನು ಸ್ಪಂಜಿನ ಹಾಗೆ ಕುಡಿಯುತ್ತದೆ. ಒಳಗೆ ಉಳಿದ ನೀರು ಬಿಸಿಗೆ ಆವಿಯಾಗಿ ಕಲ್ಲನ್ನೇ ಒಡೆದು ಹೊರಗೆ ಬರುತ್ತದೆ. ಹೊಳೆಯ ಕಲ್ಲಿಗೂ ಇದೇ ಮಾತು. ಒಳಗಿನ ಎರಡು ಬದಿಯ ಕಲ್ಲು ತೆಗೆದು, ಆ ಜಾಗಕ್ಕೆ ಹಂಚಿನ ತುಂಡುಗಳನ್ನು ಅಡ್ಡ ಜೋಡಿಸಿ ಮಣ್ಣು ಬಳಿದೆ. ಈಗ ಬೆಂಕಿ ಕೆಂಪುಕಲ್ಲಿಗೆ ತಾಗುವುದೇ ಇಲ್ಲ. ಮಳೆ ಬಂದ ಮೇಲೆ ಮೊದಲ ದಿನ ಸಣ್ಣ ಸೌದೆ ಬೆಂಕಿಯಲ್ಲಿ ಎರಡು ಗಂಟೆ ಒಣಗಿಸಿ, ದೂರ ನಿಂತು, ಆಮೇಲೆ ಮಸಿ ಹಾಕುತ್ತೇನೆ.

ಡಿಸೆಂಬರ್ 15: ಟಿಣ್ ಅಂದ ಶಬ್ದ

ಇದು ಈ ಮೂರು ತಿಂಗಳಲ್ಲಿ ಅತಿ ಕೆಟ್ಟ ದಿನ. ಎಲ್ಲಾ ತಪ್ಪು ಒಂದೇ ಮಧ್ಯಾಹ್ನ ಮಾಡಿದೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ಆಚಾರರು ಕತ್ತಿಯನ್ನು ನೀರಿಗೆ ಅದ್ದುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹಾಗಾಗಿ ನೀರೇ ಸರಿ ಅಂತ ಬಾವಿಯಿಂದ ಆಗಷ್ಟೇ ಸೇದಿದ ತಣ್ಣೀರಿನ ಬಕೆಟ್ ಇಟ್ಟುಕೊಂಡೆ. ಹೊತ್ತು ಮಧ್ಯಾಹ್ನ ಮೂರು ಗಂಟೆ. ಒಲೆ ಇದ್ದದ್ದು ಬಯಲಿನಲ್ಲಿ, ಬಿಸಿಲು ನೇರ ಬೀಳುತ್ತಿತ್ತು. ಬಿಸಿಲಿನಲ್ಲಿ ಕೆಂಪು ಕಾಣುವುದಿಲ್ಲ. ಇನ್ನೂ ಕಾಯಲಿಲ್ಲ, ಇನ್ನೂ ಕಾಯಲಿಲ್ಲ ಅಂತ ಗಾಳಿ ಕೊಡುತ್ತಲೇ ಹೋದೆ. ಕಣ್ಣಿಗೆ ಮಂದ ಕೆಂಪು ಕಂಡಾಗ ಅಲಗು ನಿಜವಾಗಿ ಕಿತ್ತಳೆ ಬಣ್ಣ ದಾಟಿತ್ತು. ಹಾಗೇ ಎತ್ತಿ ಇಡೀ ಅಲಗನ್ನು ಒಮ್ಮೆಲೇ ಬಕೆಟಿಗೆ ಮುಳುಗಿಸಿದೆ.

ನೀರು ಬುಸ್ ಅಂದಿತು. ಎರಡು ಸೆಕೆಂಡಿನ ಮೇಲೆ, ಬಹಳ ಮೆಲ್ಲಗೆ, ಟಿಣ್. ಲೋಟಕ್ಕೆ ಉಗುರು ತಾಗಿಸಿದಷ್ಟೇ ಶಬ್ದ. ಹೊರಗೆ ತೆಗೆದು ಒರೆಸಿದರೆ ಬಾಯಿಯಿಂದ ಬೆನ್ನಿನ ಕಡೆಗೆ ಮುಕ್ಕಾಲು ಇಂಚಿನ ಬಿರುಕು. ಪಕ್ಕದಲ್ಲಿ ಇನ್ನೊಂದು ಚಿಕ್ಕದು.

ಅಲಗನ್ನು ಇಕ್ಕಳದಲ್ಲಿ ಹಿಡಿದು ಅಡಿಗಲ್ಲಿಗೆ ಒಮ್ಮೆ ತಟ್ಟಿದೆ, ಎರಡಾಯಿತು. ಮುರಿದ ಮುಖ ನೋಡಿದೆ. ಸಕ್ಕರೆ ಹರಳಿನ ಹಾಗೆ ದಪ್ಪ ದಪ್ಪ ಕಾಳು, ಬಿಸಿಲಿಗೆ ಮಿನುಗುತ್ತಿತ್ತು. ನವೆಂಬರ್ 10ರ ತುಂಡನ್ನು ತಂದು ಪಕ್ಕದಲ್ಲಿಟ್ಟೆ. ಅದೇ ಪ್ಲೇಟು, ಅದೇ ಲೋಹ. ಒಂದು ಬಟ್ಟೆಯ ಹಾಗೆ ನಯ, ಇನ್ನೊಂದು ಸಕ್ಕರೆ. ಜಾಸ್ತಿ ಕಾದರೆ ಒಳಗಿನ ಕಾಳು ಬೆಳೆಯುತ್ತದೆ, ಕಾಳು ಬೆಳೆದರೆ ಸ್ಟೀಲ್ ಗಾಜಿನಂತೆ ಮುರಿಯುತ್ತದೆ. ಓದಿ ಗೊತ್ತಿದ್ದ ಮಾತು. ಎರಡು ತುಂಡು ಅಂಗೈಯಲ್ಲಿಟ್ಟು ನೋಡಿದಾಗಲೇ ಮನಸ್ಸಿಗೆ ಇಳಿದದ್ದು. ಎರಡನ್ನೂ ಒಂದು ದಾರದಲ್ಲಿ ಕಟ್ಟಿ ಒಲೆಯ ಹತ್ತಿರದ ಕಂಬಕ್ಕೆ ನೇತುಹಾಕಿದ್ದೇನೆ.

ಡಿಸೆಂಬರ್ 22: ಆಚಾರರ ಹತ್ತಿರ

ಒಡೆದ ಅಲಗು ಹಿಡಿದುಕೊಂಡು ಆಚಾರರ ಕುಲುಮೆಗೆ ಹೋದೆ. ಅವರು ಮುರಿದ ಮುಖ ನೋಡಿ, "ಇದು ಬೆಂದದ್ದಲ್ಲ, ಕರಟಿದ್ದು" ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಗಂಟೆಗೆ ಅದ್ದಿದೆ?" ಮೂರು ಗಂಟೆಗೆ ಅಂದೆ. ತಲೆ ಅಲ್ಲಾಡಿಸಿದರು. ಅವರ ಕುಲುಮೆ ತಗ್ಗು ಮಾಡಿನ ಕೆಳಗೆ, ಹಗಲಿನಲ್ಲೂ ಕತ್ತಲೆ. ಆ ಕತ್ತಲೆ ಬಣ್ಣ ನೋಡಲೆಂದೇ ಇರುವುದು ಅಂತ ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ.

"ಕೇಪುಳ ಹೂವಿನ ಬಣ್ಣ ಬರಬೇಕು. ಅಬ್ಬಲಿಗೆ ಆಗಲು ಬಿಡಬಾರದು." ಬೆಂಕಿಯ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಬೇರೆ ಇಲ್ಲ. ನಮ್ಮ ಅಂಗಳದಲ್ಲಿ ಎರಡೂ ಹೂ ಇವೆ: ಕೇಪುಳ ಕೆಂಪು, ಅಬ್ಬಲಿಗೆ (ಕನಕಾಂಬರ) ಕಿತ್ತಳೆ.

ಅವರು ನೀರಿಗೇ ಅದ್ದುತ್ತಾರೆ, ಅದು ನಿಜ. ಆದರೆ ಹೇಗೆ ಅಂತ ಅವತ್ತು ಹತ್ತಿರದಿಂದ ನೋಡಿದೆ. ಕಲ್ಲಿನ ಮರಿಗೆಯ ನೀರು ತಣ್ಣಗಿಲ್ಲ, ದಿನವಿಡೀ ಕಬ್ಬಿಣ ಅದ್ದಿ ಬೆಚ್ಚಗಾಗಿದೆ. ಕತ್ತಿಯ ಬಾಯಿ ಮಾತ್ರ, ಒಂದು ಉಗುರಿನಷ್ಟು ಆಳ, ನೀರಿಗೆ ತಾಗಿಸುತ್ತಾರೆ. ಬೆನ್ನು ಇನ್ನೂ ಕೆಂಪಗೆ ಇರುವಾಗಲೇ ಹೊರಗೆ ತೆಗೆದು, ಕಲ್ಲಿನ ಚೂರಿನಲ್ಲಿ ಬಾಯಿ ಉಜ್ಜಿ ಹೊಳಪು ಬರಿಸುತ್ತಾರೆ. ಬೆನ್ನಿನ ಬಿಸಿ ಮೆಲ್ಲಗೆ ಬಾಯಿಗೆ ಇಳಿಯುತ್ತದೆ. ಹೊಳಪಿನ ಮೇಲೆ ಬೈಹುಲ್ಲಿನ ಹಳದಿ ಹರಿದು ಬಂದ ಕ್ಷಣ ಪೂರ್ತಿ ಮುಳುಗಿಸುತ್ತಾರೆ. ಗಡಸು ಮಾಡುವುದೂ, ಆ ಗಡಸನ್ನು ಹದಕ್ಕೆ ಇಳಿಸುವುದೂ ಒಂದೇ ಕಾವಿನಲ್ಲಿ ಮುಗಿಯಿತು. ಅರ್ಧ ನಿಮಿಷವೂ ಆಗಿರಲಿಲ್ಲ. ನಾನು ಬಾಲ್ಯದಿಂದ ನೋಡಿದ್ದೆ ಅಂದುಕೊಂಡದ್ದು ಕೊನೆಯ ಮುಳುಗು ಮಾತ್ರ.

"ನನ್ನ ಕಣ್ಣಿಗೆ ನಲವತ್ತು ವರ್ಷ ಆಯಿತು. ನೀನು ಎಣ್ಣೆಯಲ್ಲೇ ಮಾಡು" ಅಂದರು. ಎಣ್ಣೆ ನೀರಿನಷ್ಟು ಬೇಗ ತಣಿಸುವುದಿಲ್ಲ, ಈ ಪ್ಲೇಟಿಗೆ ಅದೇ ಸರಿಯಾದ ವೇಗ.

ಡಿಸೆಂಬರ್ 29: ಎರಡನೇ ಅಲಗು

ಈ ಸಲ ತುಂಡು 150 × 22 ಮಿ.ಮೀ. ಮಾತ್ರ. ಒಲೆಯ ಮೇಲೆ ನಾಲ್ಕು ಕಂಬ ನೆಟ್ಟು, ಹಳೆ ಶೀಟು ಹೊದಿಸಿ, ಪಶ್ಚಿಮಕ್ಕೆ ಗೋಣಿ ಇಳಿಬಿಟ್ಟು ನೆರಳು ಮಾಡಿಕೊಂಡೆ. ಬಾಯಿ ಬಡಿಯುವ ಮೊದಲೇ ತುಂಡನ್ನು ಬೇಕೆಂದೇ ಬಾಯಿಯ ಕಡೆಗೆ ಬಗ್ಗಿಸಿಕೊಂಡೆ. ಬಡಿಯುತ್ತಾ ಹೋದ ಹಾಗೆ ಅದು ತಾನಾಗಿ ನೇರವಾಯಿತು. ನಾಲ್ಕೇ ಗಂಟೆಯಲ್ಲಿ ಆಕಾರ ಬಂತು. ಬೆನ್ನು 4 ಮಿ.ಮೀ., ಬಾಯಿ 2 ಮಿ.ಮೀ. ಹಿಡಿಯೊಳಗೆ ಹೋಗುವ ಬಾಲ 100 ಮಿ.ಮೀ., ತುದಿಗೆ ಸಪೂರ. ಬಾಯಿಯನ್ನು ಇದಕ್ಕಿಂತ ತೆಳು ಮಾಡಬಾರದು, ಅದ್ದುವಾಗ ಸೊಟ್ಟಗಾಗುತ್ತದೆ, ಇಲ್ಲವೇ ಬಿರಿಯುತ್ತದೆ.

ಜನವರಿ 5: ಸುಧಾರಿಸಿಕೊಳ್ಳಲು ಬಿಡುವುದು

ಬಡಿದ ಅಲಗಿನೊಳಗೆ ಬಿಗಿ ಇರುತ್ತದೆ, ಕಾಳೂ ಬೆಳೆದಿರುತ್ತದೆ. ಹಾಗಾಗಿ ಕೇಪುಳ ಬಣ್ಣಕ್ಕೆ ಕಾಯಿಸಿ, ಗಾಳಿಯಲ್ಲಿ ಕಪ್ಪಾಗುವವರೆಗೆ ಸುಮ್ನೆ ನೇತಾಡಿಸಿ ಬಿಟ್ಟೆ. ಹೀಗೆ ಮೂರು ಸಲ, ಪ್ರತಿ ಸಲ ಸ್ವಲ್ಪ ಕಡಿಮೆ ಕಾವು. ಮೊದಲ ಅಲಗಿಗೆ ಇದನ್ನು ಮಾಡಿಯೇ ಇರಲಿಲ್ಲ. ನಾಲ್ಕನೇ ಸಲ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಅರ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ರಟ್ಟಿನ ಅಚ್ಚು ಇಟ್ಟು ಅಂಚು ಸರಿ ಮಾಡಿದೆ.

ಜನವರಿ 12: ಎಣ್ಣೆ

ಸೂರ್ಯ ಮುಳುಗಿ ಹತ್ತು ನಿಮಿಷದ ಮೇಲೆ ಶುರು. ಒಂದು ಅಡಿ ಎತ್ತರ, ಐದು ಇಂಚು ಬಾಯಿಯ ತಗಡಿನ ಡಬ್ಬ, ಅದರಲ್ಲಿ 3 ಲೀಟರ್ ಸೂರ್ಯಕಾಂತಿ ಎಣ್ಣೆ. ಮುಚ್ಚಳ ಕೈಗೆ ಸಿಗುವಲ್ಲಿ, ಪಕ್ಕದಲ್ಲಿ ಮರಳಿನ ಬಕೆಟ್. ಎಣ್ಣೆ ತಣ್ಣಗಿದ್ದರೆ ದಪ್ಪ, ಅಲಗಿನ ಸುತ್ತ ಬೇಗ ಹರಿಯುವುದಿಲ್ಲ. ಒಂದು ಸರಳು ಕಾಯಿಸಿ ಅದ್ದಿ, ಡಬ್ಬದ ಹೊರಗೆ ಅಂಗೈ ಇಟ್ಟರೆ ಮೂರು ಎಣಿಸುವಷ್ಟು ಮಾತ್ರ ತಡೆಯುವ ಹಾಗೆ ಬಿಸಿ ಮಾಡಿದೆ, ಸುಮಾರು 55 ಡಿಗ್ರಿ.

ಹಳೆ ರೇಡಿಯೋ ಸ್ಪೀಕರಿನ ಮ್ಯಾಗ್ನೆಟನ್ನು ತಂತಿಯಲ್ಲಿ ನೇತುಹಾಕಿದ್ದೆ. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಮ್ಯಾಗ್ನೆಟಿಗೆ ಅಂಟುವುದು ಬಿಡುತ್ತದೆ. ಮೊದಲ ಸಲ ತಾಗಿಸಿದಾಗ ಅಂಟಿತು. ಎರಡನೇ ಸಲ ಬಾಲದ ಕಡೆ ಮಾತ್ರ ಅಂಟಿತು. ಮೂರನೇ ಸಲ ಎಲ್ಲೂ ಇಲ್ಲ. ಅಲ್ಲಿಂದ ಇನ್ನೊಂದು ಚೂರು ಕಾವು ಬೇಕು. ಬ್ಲೋವರ್ ತೀರಾ ಮೆಲ್ಲಗೆ ತಿರುಗಿಸುತ್ತಾ, ಅಲಗನ್ನು ಮಸಿಯೊಳಗೆ ಹಿಂದೆ ಮುಂದೆ ಆಡಿಸುತ್ತಾ ಇದ್ದೆ. ಬಾಯಿ, ಬೆನ್ನು, ಮೂಗು ಎಲ್ಲ ಕಡೆ ಒಂದೇ ಬಣ್ಣ ಬಂತು. ಕೇಪುಳ. ಕತ್ತಲಲ್ಲಿ ಅದು ಎಷ್ಟು ಸ್ಪಷ್ಟ ಕಾಣುತ್ತದೆ ಅಂದರೆ, ಅಲಗಿನೊಳಗೆ ಒಂದು ನೆರಳು ಓಡಾಡುವುದೂ ಕಾಣುತ್ತದೆ. ಆ ನೆರಳು ಪೂರ್ತಿ ಹೋದಾಗ ಎತ್ತಿದೆ.

ಮೂಗು ಕೆಳಗೆ ಮಾಡಿ ನೇರ ಇಳಿಸಿದೆ. ಭಗ್ ಅಂತ ಒಂದು ಜ್ವಾಲೆ, ತಕ್ಷಣ ಆರಿತು. ಒಳಗೆ ಅಲಗನ್ನು ಮೇಲೆ ಕೆಳಗೆ ಮಾತ್ರ ಆಡಿಸಬೇಕು. ಅಡ್ಡ ಆಡಿಸಿದರೆ ಒಂದು ಬದಿ ಬೇಗ ತಣಿದು ಸೊಟ್ಟಗಾಗುತ್ತದೆ. ಕಿವಿ ಪೂರ್ತಿ ಆ ಡಬ್ಬದ ಮೇಲೆಯೇ ಇತ್ತು. ಏಳು ಎಣಿಸಿದೆ. ಟಿಣ್ ಬರಲಿಲ್ಲ. ತೆಗೆದು ನೋಡಿದರೆ 3 ಮಿ.ಮೀ. ಬಾಗಿತ್ತು. ಇನ್ನೂ ಬಿಸಿ ಇರುವಾಗಲೇ ಎರಡು ಹಲಗೆಯ ನಡುವೆ ಇಟ್ಟು ಒತ್ತಿದೆ, ಅರ್ಧ ಸರಿಹೋಯಿತು. ಪೂರ್ತಿ ತಣಿದ ಮೇಲೆ ಒತ್ತಿದರೆ ಮುರಿಯುತ್ತದೆ.

ಅರ ಹಾಕಿದೆ. ಮೊದಲ ನಾಲ್ಕು ಉಜ್ಜಿಗೆ ಕಚ್ಚಿತು. ಎದೆ ಧಸಕ್ ಅಂದಿತು. ಐದನೆಯದಕ್ಕೆ ಜಾರಿತು. ಬೆಂಕಿಯಲ್ಲಿ ಮೇಲ್ಮೈಯ ಕಾರ್ಬನ್ ಸ್ವಲ್ಪ ಸುಟ್ಟುಹೋಗಿ ಕಾಗದದಷ್ಟು ತೆಳು ಮೆತ್ತನೆ ಪದರ ಉಳಿದಿರುತ್ತದೆ. ಕೆಳಗೆ ಗಾಜು.

ಅದೇ ರಾತ್ರಿ ಹದ ಇಳಿಸಬೇಕು, ನಾಳೆಗೆ ಬಿಡಬಾರದು. ಸೋಪಿನಲ್ಲಿ ಎಣ್ಣೆ ತೊಳೆದು, ಸ್ಯಾಂಡ್‌ಪೇಪರಿನಲ್ಲಿ ಹೊಳಪು ಬರಿಸಿ, ಅಮ್ಮನ ಓಟಿಜಿಯಲ್ಲಿ (ಕರೆಂಟಿನ ಓವನ್) 200 ಡಿಗ್ರಿಗೆ ಒಂದು ಗಂಟೆ ಇಟ್ಟೆ. ಬಣ್ಣವೇ ಬರಲಿಲ್ಲ. ಆ ಓಟಿಜಿಯ ಮುಳ್ಳು ಹೇಳುವುದಕ್ಕೂ ಒಳಗಿನ ಬಿಸಿಗೂ ಹೊಂದಿಕೆ ಇಲ್ಲ. 220ಕ್ಕೆ ತಿರುಗಿಸಿದೆ, ಬೈಹುಲ್ಲಿನ ಹಳದಿ ಬಂತು. ಎರಡನೇ ಸುತ್ತಿನಲ್ಲಿ ಅಲಗನ್ನು ಒಂದು ಕಬ್ಬಿಣದ ಆಂಗಲ್‌ಗೆ ಕ್ಲಾಂಪ್ ಹಾಕಿ, ಬಾಗಿದ ಜಾಗದ ಅಡಿ ಮೂರು ನಾಣ್ಯ ಇಟ್ಟು ಎದುರು ದಿಕ್ಕಿಗೆ ಒತ್ತಿ ಇನ್ನೊಂದು ಗಂಟೆ ಇಟ್ಟೆ. ತೆಗೆದಾಗ ಅರ್ಧ ಮಿ.ಮೀ. ಬಾಗು ಉಳಿದಿತ್ತು. ಅಲ್ಲಿಗೆ ನಿಲ್ಲಿಸಿದೆ.

ಜನವರಿ 19: ಉಜ್ಜುವುದು

ಹದ ಆದ ಮೇಲೆ ಗ್ರೈಂಡರ್ ಅಂದರೆ ಅಪಾಯ. ಪಕ್ಕದಲ್ಲಿ ನೀರಿಟ್ಟು, ಬರಿಗೈಯಲ್ಲಿ ಹಿಡಿದು, ಬಿಸಿ ಅನ್ನಿಸಿದ ಕೂಡಲೇ ಅದ್ದುತ್ತಾ ಹೋದೆ. ಎರಡು ಗಂಟೆ ಚೆನ್ನಾಗಿಯೇ ನಡೆಯಿತು. ಕೊನೆಗೆ ಮೂಗಿನ ಹತ್ತಿರ ಒಂದೇ ಸೆಕೆಂಡ್ ಜಾಸ್ತಿ ಒತ್ತಿದೆ. ತೆಳು ಜಾಗ, ಬಿಸಿ ಹೋಗಲು ದಾರಿ ಇಲ್ಲ. ಮೀನಿನ ಬೆನ್ನಿನಂಥ ನೀಲಿ ಬಣ್ಣ ಹರಿದುಬಿಟ್ಟಿತು. ನೀಲಿ ಅಂದರೆ 300 ಡಿಗ್ರಿಯ ಹತ್ತಿರ, ಅಂದರೆ ಅಲ್ಲಿ ಗಡಸು ಇಳಿದುಹೋಯಿತು. ಪೇಪರಿನಲ್ಲಿ ಉಜ್ಜಿದರೆ ಬಣ್ಣ ಹೋಗುತ್ತದೆ, ಗಡಸು ವಾಪಸ್ ಬರುವುದಿಲ್ಲ. 6 ಮಿ.ಮೀ. ಮೂಗು ಕತ್ತರಿಸಿ ಹೊಸ ಮೂಗು ಕೈಯಲ್ಲೇ ಕಲ್ಲಿನ ಮೇಲೆ ಮಾಡಿದೆ.

ಜನವರಿ 26 ಮತ್ತು ಫೆಬ್ರವರಿ 2: ಹಿಡಿ

ನಮ್ಮ ಕಡೆಯ ಹಳೆ ಪದ್ಧತಿ: ಬಾಲ ಕಾಯಿಸಿ ಮರದೊಳಗೆ ಸುಡುತ್ತಾ ಇಳಿಸುವುದು. ಅಕ್ಟೋಬರಿನಲ್ಲಿ ಕಡಿದ ಹುಣಸೆ ಕೊಂಬೆ ಇತ್ತು, ಒಣಗಿದೆ ಅಂದುಕೊಂಡೆ. 6 ಮಿ.ಮೀ. ತೂತು ಕೊರೆದು, ಕೆಂಪು ಬಾಲ ಒತ್ತಿದೆ. ಅರ್ಧ ಹೋಗುವಾಗ ಮರ ಉದ್ದಕ್ಕೆ ಸೀಳಿತು. ಮರ ಹಸಿ, ತೂತು ಸಣ್ಣ, ಮೇಲೆ ಸೀಳದಂತೆ ಬಿಗಿಯುವ ಲೋಹದ ಬಳೆ ಹಾಕಿರಲಿಲ್ಲ. ಮೂರೂ ನನ್ನ ಅವಸರ.

ಮುಂದಿನ ವಾರ ಅಟ್ಟದಲ್ಲಿದ್ದ, ಬಾಯಿ ಒಡೆದ ಹಳೆ ಒನಕೆಯ ತುಂಡು ಕೇಳಿ ತೆಗೆದುಕೊಂಡೆ. ಹಿತ್ತಾಳೆ ಪೈಪಿನ ಬಳೆ ಮೊದಲೇ ಬಿಗಿಯಾಗಿ ಕೂರಿಸಿದೆ. ತೂತು ಮೆಟ್ಟಿಲು ಮೆಟ್ಟಿಲಾಗಿ: ಬಾಯಲ್ಲಿ 8, ನಡುವೆ 6, ಒಳಗೆ ನಾಲ್ಕೂವರೆ ಮಿ.ಮೀ. ಅಲಗಿಗೆ ಒದ್ದೆ ಬಟ್ಟೆ ದಪ್ಪಗೆ ಸುತ್ತಿದೆ, ಇಲ್ಲದಿದ್ದರೆ ಬಾಲದ ಬಿಸಿ ಹತ್ತಿ ಅಲಗಿನ ಹದ ಹಾಳಾಗುತ್ತದೆ. ಬಾಲವನ್ನು ಟಾರ್ಚಿನಲ್ಲಿ ಮಂದ ಕೆಂಪಿಗೆ ಮಾತ್ರ ಕಾಯಿಸಿ ಮೂರು ಸಲದಲ್ಲಿ ಇಳಿಸಿದೆ. ಪ್ರತಿ ಸಲ ಒಳಗಿನ ಕರಿ ಕೆರೆದು ತೆಗೆದೆ. ಕೊನೆಯ ಅರ್ಧ ಇಂಚು ತಣ್ಣಗಾದ ಮೇಲೆ ಆರಾಲ್ಡೈಟ್ ಅಂಟು ತುಂಬಿ ಮರದ ಕೊಡತಿಯಲ್ಲಿ ತಟ್ಟಿ ಕೂರಿಸಿದೆ. ಒನಕೆಯ ಮರಕ್ಕೆ ಅಗಸೆ ಎಣ್ಣೆ ಹಚ್ಚಿದಾಗ ಒಳಗಿನ ಗೆರೆಗಳೆಲ್ಲ ಎದ್ದು ಬಂದವು.

ಬಾಯಿ ಮಸೆಯುವಾಗ ಬೆನ್ನನ್ನು ಕಲ್ಲಿನಿಂದ 9 ಮಿ.ಮೀ. ಎತ್ತಿ ಹಿಡಿದೆ. 34 ಮಿ.ಮೀ. ಅಗಲದ ಅಲಗಿಗೆ ಅದು ಬದಿಗೆ ಸುಮಾರು 15 ಡಿಗ್ರಿ ಆಗುತ್ತದೆ.

ಖರ್ಚು

ಪ್ಲೇಟು 294, ಬ್ಲೋವರ್ 1,500, ಪೈಪು 260, ಸುತ್ತಿಗೆ 350, ಇಕ್ಕಳ 700, ಕತ್ತರಿಸುವ ಡಿಸ್ಕ್ ಎಂಟು 320, ಉಜ್ಜುವ ಡಿಸ್ಕ್ ಮತ್ತು ಪೇಪರು 540, ಎಣ್ಣೆ 450, ಹಿತ್ತಾಳೆ ಪೈಪು ಮತ್ತು ಅಂಟು 230, ಮಸಿ 800. ಒಟ್ಟು 5,444 ರೂಪಾಯಿ. ಇದರಲ್ಲಿ ಒಡೆದ ಅಲಗಿಗೆ ಹೋದದ್ದು ಮಸಿ, ಡಿಸ್ಕ್ ಸೇರಿ ಸಾವಿರದ ಹತ್ತಿರ.

ಫೆಬ್ರವರಿ 16: ಎರಡು ವಾರದ ಮೇಲೆ

ಮೊದಲು ಕೊಯ್ದದ್ದು ಗುಜ್ಜೆ (ಎಳೆ ಹಲಸಿನಕಾಯಿ). ಕೈಗೂ ಅಲಗಿಗೂ ತೆಂಗಿನೆಣ್ಣೆ ಸವರಿಕೊಂಡು ಅಮ್ಮ ಮಧ್ಯಕ್ಕೆ ಇಟ್ಟು ಒತ್ತಿದರು, ಒಂದೇ ಒತ್ತಿಗೆ ಎರಡು ಭಾಗ. ಮಾವಿನಮಿಡಿ ಕೊಯ್ದಾಗ ಅಲಗು ಕಪ್ಪಾಯಿತು, ಹೋಳುಗಳಿಗೆ ಸ್ವಲ್ಪ ಕಬ್ಬಿಣದ ವಾಸನೆ ಹಿಡಿಯಿತು. ಮೂರು ನಾಲ್ಕು ದಿನದಲ್ಲಿ ಅಲಗಿನ ಮೇಲೆ ಬೂದು ಬಣ್ಣ ಕಟ್ಟಿದ ಮೇಲೆ ಆ ವಾಸನೆ ನಿಂತಿತು. ತೊಳೆದು ಒರೆಸದೆ ಇಟ್ಟ ಒಂದು ರಾತ್ರಿ ಹಿಡಿಯ ಹತ್ತಿರ ತುಕ್ಕಿನ ಚುಕ್ಕೆ ಬಂತು. ಈಗ ತೊಳೆದ ಕೂಡಲೇ ಒರೆಸಿ, ಒಂದು ಹನಿ ತೆಂಗಿನೆಣ್ಣೆ.

ಬಂಗುಡೆ ಮೀನಿನ ತಲೆ ಕೊಯ್ಯುವಾಗ ಬಾಯಿಗೆ ಏನೂ ಆಗಲಿಲ್ಲ. ಅಂಜಲ್ ಅನ್ನುವ ದೊಡ್ಡ ಮೀನಿನ ಬೆನ್ನೆಲುಬಿಗೆ ಇಟ್ಟ ದಿನ ಬಾಯಿಯಲ್ಲಿ ಒಂದು ಕಡೆ ಸಣ್ಣಗೆ ಮಡಚಿತು, ಚಕ್ಕೆ ಏಳಲಿಲ್ಲ. ಹದ ಗಾಜಿನ ಕಡೆಗೆ ಹೋಗಿಲ್ಲ ಅಂತ ಅದರಿಂದ ಗೊತ್ತಾಯಿತು. ಕಲ್ಲಿನ ಮೇಲೆ ಹತ್ತು ಸಲ ಎಳೆದಾಗ ಸರಿಯಾಯಿತು. ಆಚಾರರಿಗೆ ತೋರಿಸಲು ಒಯ್ದೆ. ಉಗುರಿನ ಮೇಲೆ ಬಾಯಿ ಇಟ್ಟು ನೋಡಿದರು, ಬೆನ್ನಿನಿಂದ ಕಣ್ಣು ಹಾಯಿಸಿ ಆ ಅರ್ಧ ಮಿಲಿಮೀಟರ್ ಬಾಗನ್ನು ತಕ್ಷಣ ಹಿಡಿದರು. ತುಳುವಿನಲ್ಲಿ "ಎಡ್ಡೆ ಆತ್ಂಡ್" (ಚೆನ್ನಾಗಿ ಆಗಿದೆ) ಅಂದು, ಬಳೆಯ ಹತ್ತಿರ ಹಿಡಿ ಸ್ವಲ್ಪ ದಪ್ಪ ಆಯಿತು, ಇಳಿಸು ಅಂದರು. ಇವತ್ತು ಸಂಜೆ ಗಾಜಿನ ಚೂರಿನಲ್ಲಿ ಕೆರೆದು ಇಳಿಸಿದೆ.

ಅಜ್ಜಿಯ ಕತ್ತಿಯನ್ನು ಅಮ್ಮ ಎಸೆದಿಲ್ಲ. ಬೀನ್ಸಿನ ನಾರು ತೆಗೆಯಲು ಅದೇ ಬೇಕಂತೆ. ಜೀಪಿನ ಪ್ಲೇಟಿನಲ್ಲಿ ಇನ್ನೂ ಮೂರು ಅಡಿ ಉಳಿದಿದೆ. ಬಿರುಕಿನ ಜಾಗಕ್ಕೆ ಕೆಂಪು ಪೈಂಟ್ ಬಳಿದು, ಆಚೆ ಕಡೆ ಮೆಟ್ಟುಕತ್ತಿಯ ಅಳತೆಗೆ ಗುರುತು ಹಾಕಿಟ್ಟಿದ್ದೇನೆ.